ಧ್ವನಿಮತದಲ್ಲಿ ನಮ್ಮ ಶಾಸಕರ ಧ್ವನಿ ಯಾವುದು?

ಕಟ್ಟೆಪುರಾಣ
ಇಲ್ಲಿ ಮೂರು ವರ್ಷದಿಂದ ಬೇರೆಯವರ ಜಗಳ ಓದಿಕೊಂಡು ಸುಮ್ಮನಿದ್ದೆ. ಇವತ್ತು ನನ್ನದೇ ಒಂದನ್ನು ತಂದಿದ್ದೇನೆ.

ನಮ್ಮ ಅಪ್ಪ ಒಂದೂವರೆ ಎಕರೆ ಬಗರ್‌ಹುಕುಂ ಸಾಗುವಳಿಯನ್ನು, ಅಂದರೆ ಮಂಜೂರಾತಿಯಿಲ್ಲದೆ ಉಳುತ್ತಿರುವ ಸರ್ಕಾರಿ ಜಮೀನನ್ನು, ಸಕ್ರಮ ಮಾಡಿಕೊಡಿ ಎಂದು ನಮೂನೆ 57ರಲ್ಲಿ ಅರ್ಜಿ ಹಾಕಿ ಕಾಯುತ್ತಿದ್ದಾರೆ. ಸ್ವೀಕೃತಿ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ದೇವರ ಫೋಟೋದ ಹಿಂದೆ ಸಿಕ್ಕಿಸಿದ್ದಾರೆ. ಅರ್ಜಿ ಅಲ್ಲಿಂದ ಅಲುಗಿಲ್ಲ. ನಮ್ಮ ಶಾಸಕರ ಫೇಸ್‌ಬುಕ್ ಪುಟದಲ್ಲಿ ಮಾತ್ರ ಬಗರ್‌ಹುಕುಂ ಕೆಲಸ ಭರದಿಂದ ಸಾಗಿದೆ. ಹೋದ ವಾರ ಒಂದು ವಿಡಿಯೋ ಬಂತು. ಪಂಚೆ ಎತ್ತಿ ಕಟ್ಟಿ, ಯಾರದೋ ಅಡಿಕೆ ತೋಟದ ಕಾದಿಗೆಯ ಅಂಚಿನಲ್ಲಿ ನಿಂತು, ಮಲೆನಾಡಿನ ರೈತನ ಒಂದು ಗುಂಟೆಯನ್ನೂ ಬಿಟ್ಟುಕೊಡುವುದಿಲ್ಲ ಎಂದರು. ಹಿಂದೆ ಚಂಡೆಯ ಸದ್ದು ಬೇರೆ. ನಮ್ಮ ಚಿಕ್ಕಪ್ಪ ಅದನ್ನು ಮನೆಯವರಿಗೆಲ್ಲ ನಾಲ್ಕು ಸಲ ತೋರಿಸಿದರು.

ಮಾತು ಸಾಕು, ಸದನದಲ್ಲಿ ಯಾವುದಕ್ಕೆ ಹೇಗೆ ಮತ ಹಾಕಿದ್ದಾರೆ ನೋಡೋಣ ಎಂದು ಶನಿವಾರವಿಡೀ ಹುಡುಕಿದೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಡುಗೆಮನೆಯ ಕಿಟಕಿಯ ದಂಡೆಯ ಮೇಲೆ ಮಾತ್ರ. ಅಲ್ಲೇ ನಿಂತು ಕಾಲು ನೋವು ಬಂತೇ ಹೊರತು ಒಂದು ಮತವೂ ಸಿಗಲಿಲ್ಲ. ಬಗರ್‌ಹುಕುಂ ಬಗ್ಗೆ, ಭೂಸುಧಾರಣಾ ತಿದ್ದುಪಡಿ ಬಗ್ಗೆ, ಪಶ್ಚಿಮಘಟ್ಟ ಉಳಿಸುವ ಕಸ್ತೂರಿರಂಗನ್ ವರದಿ ಬಗ್ಗೆ ಅವರು ಪರವೋ ವಿರುದ್ಧವೋ? ಈ ಪಟ್ಟಿ ಎಲ್ಲಿದೆ? ಗೊತ್ತಿದ್ದವರು ಹೇಳಿ.

ಹೆಸರು, ಪಕ್ಷ ಎರಡೂ ಹೇಳುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ಒಂದು.

ಇಂಬಳ
ಪಂಚೆ ಎಂದಿರಿ. ಶಿವಮೊಗ್ಗ ಗ್ರಾಮಾಂತರ ಬಿಟ್ಟುಹೋಯಿತು, ಅಲ್ಲಿಯವರು ಶಾಸಕಿ. ಇನ್ನು ಆರು.

ನಿರ್ವಾಹಕ
ಗುರುತು ಹಿಡಿಯುವ ಆಟ ಬೇಡ. ಇಂಬಳ, ನಿಮಗೆ ಇದು ಎರಡನೇ ಎಚ್ಚರಿಕೆ.

ಇಂಬಳ
ಜಿಗಣೆಗೆ ಉಪ್ಪು ಹಾಕಿದಿರಲ್ಲ. ಬಿಟ್ಟೆ.

ಕರಿಕೋಟು
ಕಟ್ಟೆಪುರಾಣ ಅವರೇ, ನೀವು ಹುಡುಕಿದ ಪಟ್ಟಿ ಇಲ್ಲ. ಯಾರೋ ಮುಚ್ಚಿಟ್ಟಿದ್ದಾರೆ ಎಂದಲ್ಲ, ಅದು ಹುಟ್ಟುವುದೇ ಇಲ್ಲ.

ವಿಧಾನಸಭೆಯಲ್ಲಿ ಬಹುಪಾಲು ವಿಧೇಯಕಗಳು ಧ್ವನಿಮತದಲ್ಲಿ ಮುಗಿಯುತ್ತವೆ. ಪರವಾಗಿರುವವರು ಹೌದು ಎನ್ನಿ, ವಿರುದ್ಧವಾಗಿರುವವರು ಇಲ್ಲ ಎನ್ನಿ ಎಂದು ಸಭಾಧ್ಯಕ್ಷರು ಕೇಳುತ್ತಾರೆ. ಎರಡು ಸದ್ದು ಬರುತ್ತವೆ. ಅಂಗೀಕಾರವಾಯಿತು ಎನ್ನುತ್ತಾರೆ, ಮುಂದಿನ ವಿಷಯಕ್ಕೆ ಹೋಗುತ್ತಾರೆ. 224 ಜನರಲ್ಲಿ ಯಾರು ಬಾಯಿ ತೆರೆದರು, ಯಾರು ಮೊಗಸಾಲೆಯಲ್ಲಿ ಕಾಫಿ ಕುಡಿಯುತ್ತಿದ್ದರು ಎಂಬುದು ನಡವಳಿಯಲ್ಲಿ ಬರುವುದಿಲ್ಲ. ಸದಸ್ಯರು ಮತ ವಿಭಜನೆಗೆ ಪಟ್ಟು ಹಿಡಿದರೆ ಮಾತ್ರ ಗಂಟೆ ಬಾರಿಸಿ, ಬಾಗಿಲು ಹಾಕಿಸಿ, ಎಣಿಸುತ್ತಾರೆ.

ನಮ್ಮ ಜಿಲ್ಲೆಯವರಿಗೆ ಮರೆಯಲಾಗದ ಉದಾಹರಣೆಯೇ ಇದೆ. 2019ರ ಜುಲೈ 23ರಂದು ಕುಮಾರಸ್ವಾಮಿಯವರ ವಿಶ್ವಾಸಮತ. ಸಾಲು ಸಾಲಾಗಿ ಎಬ್ಬಿಸಿ ನಿಲ್ಲಿಸಿ ತಲೆ ಎಣಿಸಿದರು, 99ಕ್ಕೆ 105. ಅದೇ ಸದನದಲ್ಲಿ ಆರು ದಿನ ಕಳೆದು, ಜುಲೈ 29ರಂದು, ಶಿಕಾರಿಪುರದ ಯಡಿಯೂರಪ್ಪನವರು ವಿಶ್ವಾಸಮತ ಗೆದ್ದರು, ಧ್ವನಿಮತದಲ್ಲಿ. ವಿರೋಧ ಪಕ್ಷ ವಿಭಜನೆ ಕೇಳಲಿಲ್ಲ. ಸರ್ಕಾರದ ಅಳಿವು ಉಳಿವಿನ ಮತವೇ ಹೀಗಿರುವಾಗ ಸಣ್ಣಪುಟ್ಟ ತಿದ್ದುಪಡಿಗೆ ಯಾರು ಎಣಿಸುತ್ತಾರೆ?

ಕಸ್ತೂರಿರಂಗನ್ ವಿಷಯಕ್ಕೆ ಆಮೇಲೆ ಬರುತ್ತೇನೆ, ಕಕ್ಷಿದಾರರು ಬಂದಿದ್ದಾರೆ.

ಎರಡನೇ ಬೆಂಚು
ಅಂದರೆ ನಾನು ಹತ್ತನೇ ತರಗತಿಯಲ್ಲಿ ಹಾಜರಿ ಕೂಗುವಾಗ ಗೆಳೆಯನ ಪರವಾಗಿ "ಯೆಸ್ ಸರ್" ಎಂದಂತೆಯೇ.

ಹಲಸಿನ ಹಪ್ಪಳ
ಸ್ವಲ್ಪ ವ್ಯತ್ಯಾಸವಿದೆ ತಮ್ಮಾ. ಅಲ್ಲಿ ಮೇಷ್ಟರು ತಲೆ ಎತ್ತಿ ನೋಡುತ್ತಿದ್ದರು.

ನಿವೃತ್ತ ಮೇಷ್ಟರು
ಕರೆದಿರಾ?

ಸದನದಲ್ಲಿ ಒಬ್ಬ ಮನುಷ್ಯ ಏನು ಮಾಡಬಹುದು ಎಂದು ತಿಳಿಯಲು ಪಟ್ಟಿ ಬೇಕಾಗಿಲ್ಲ. 1952ರಲ್ಲಿ ಸಾಗರ ಹೊಸನಗರದಿಂದ ಶಾಂತವೇರಿ ಗೋಪಾಲಗೌಡರು ಗೆದ್ದಾಗ ಅವರ ಹಿಂದೆ ದುಡ್ಡೂ ಇರಲಿಲ್ಲ, ಸಂಖ್ಯೆಯೂ ಇರಲಿಲ್ಲ. ಹಿಂದಿನ ವರ್ಷ ಕಾಗೋಡಿನಲ್ಲಿ ಗೇಣಿದಾರರು ಹೂಡಿದ ಸತ್ಯಾಗ್ರಹ ಇತ್ತು. ಅವರು ಸದನದಲ್ಲಿ ಸೋತ ಮತಗಳೇ ಹೆಚ್ಚು. 1974ರ ಭೂಸುಧಾರಣೆಯನ್ನು ಕಣ್ಣಾರೆ ಕಾಣದೆ 1972ರಲ್ಲಿ ತೀರಿಕೊಂಡರು. ಆದರೂ ಉಳುವವನ ಪರ ಯಾರಿದ್ದರು ಎಂದು ನಮ್ಮ ಕಡೆ ಯಾರನ್ನಾದರೂ ಕೇಳಿ, ನಡವಳಿ ತೆರೆಯದೆ ಹೇಳುತ್ತಾರೆ. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋದ ಜೆ.ಎಚ್. ಪಟೇಲರು ಅಲ್ಲಿ ಕನ್ನಡದಲ್ಲೇ ಎದ್ದು ಮಾತನಾಡಿದರು. ಆಗ ಫೇಸ್‌ಬುಕ್ ಇರಲಿಲ್ಲ, ಸುದ್ದಿ ಹೇಗೋ ನಮ್ಮ ಹಳ್ಳಿಯ ಚಹಾ ಅಂಗಡಿಗೆ ಬಂತು.

ಎರಡನೇ ಬೆಂಚು
ಮೇಷ್ಟರೇ, ಪ್ರತಿ ಚರ್ಚೆಯಲ್ಲೂ ಗೋಪಾಲಗೌಡರನ್ನು ಕರೆತರುತ್ತೀರಿ. ಕಳೆದ ವಾರ ಹಲಸಿನ ಬೀಜದ ಸಾರಿನ ಚರ್ಚೆಯಲ್ಲೂ ಬಂದಿದ್ದರು.

ನಿವೃತ್ತ ಮೇಷ್ಟರು
ಬರಲಿ ಬಿಡಿ. ಈಗ ಕರೆತರಲು ಬೇರೆ ಯಾರಿದ್ದಾರೆ ಹೇಳಿ.

ಕಾರ್ಯಕರ್ತ
ನಾನು ಶಾಸಕರೊಬ್ಬರ ಜೊತೆ ಓಡಾಡುವವನು, ಮುಚ್ಚುಮರೆ ಇಲ್ಲ. ಇಲ್ಲಿ ಕುಳಿತು ಟೀಕಿಸುವುದು ಸುಲಭ. ನನ್ನ ಅಮ್ಮನಿಗೆ ರಾತ್ರಿ ಒಂದು ಗಂಟೆಗೆ ಎದೆನೋವು ಬಂದಾಗ ಆಂಬುಲೆನ್ಸ್ ಘಾಟಿಯ ಕೆಳಗೆ ಕೆಟ್ಟು ನಿಂತಿತ್ತು. ಶಾಸಕರಿಗೆ ಫೋನ್ ಮಾಡಿದೆ. ಎರಡನೇ ರಿಂಗಿಗೆ ಎತ್ತಿದರು. ಅರ್ಧ ಗಂಟೆಯಲ್ಲಿ ಬೇರೆ ಗಾಡಿ ಬಂತು. ಅಮ್ಮ ಈಗ ಮಜ್ಜಿಗೆ ಕಡೆಯುತ್ತಿದ್ದಾರೆ. ಅವರು ಯಾವ ವಿಧೇಯಕಕ್ಕೆ ಹೌದು ಎಂದರು, ಯಾವುದಕ್ಕೆ ಇಲ್ಲ ಎಂದರು ಎಂದು ನಾನು ಯಾಕೆ ಕೇಳಲಿ?

ಕೊಳೆ ಔಷಧಿ
ಅಮ್ಮ ಉಳಿದದ್ದು ಸಂತೋಷ, ಮನಸ್ಸಿನಿಂದ ಹೇಳುತ್ತಿದ್ದೇನೆ. ಆದರೆ ಆಂಬುಲೆನ್ಸ್ ಘಾಟಿಯಲ್ಲಿ ಯಾಕೆ ಕೆಟ್ಟು ನಿಂತಿತ್ತು ಎಂಬ ಪ್ರಶ್ನೆ ಸದನದಲ್ಲಿ ಕೇಳಬೇಕಾದದ್ದು. ಫೋನ್ ನಂಬರ್ ಇಲ್ಲದವರ ಅಮ್ಮನಿಗೆ ಎದೆನೋವು ಬಂದರೆ?

ಕಾರ್ಯಕರ್ತ
ನಂಬರ್ ಎಲ್ಲರ ಹತ್ತಿರವೂ ಇದೆ. ಅವರ ಪುಟದಲ್ಲೇ ಹಾಕಿದ್ದಾರೆ.

ಇಂಬಳ
ನೆಟ್‌ವರ್ಕ್ ಸಿಗುವ ಕಿಟಕಿ ಮಾತ್ರ ಎಲ್ಲರ ಹತ್ತಿರ ಇಲ್ಲ.

ಬೆಂಗಳೂರು ಬಸ್ಸು
ವಿಷಯಕ್ಕೆ ಬನ್ನಿ. ಸಂಸತ್ತಿನಲ್ಲಿ ಪರಿಸ್ಥಿತಿ ಸ್ವಲ್ಪ ಮೇಲು. ಅಲ್ಲಿ ಗುಂಡಿ ಒತ್ತಿ ಮತ ಹಾಕುವ ಏರ್ಪಾಡು ಇದೆ, ವಿಭಜನೆ ನಡೆದರೆ ಯಾರು ಯಾವ ಕಡೆ ಎಂಬುದು ಹೆಸರಿನ ಸಮೇತ ನಡವಳಿಗೆ ಹೋಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಮಹಿಳಾ ಮೀಸಲಾತಿ ಮಸೂದೆಗೆ ಲೋಕಸಭೆಯಲ್ಲಿ ಪರ 454, ವಿರುದ್ಧ 2. ಸಂವಿಧಾನ ತಿದ್ದುಪಡಿ ಆದ್ದರಿಂದ ಎಣಿಸಲೇಬೇಕಿತ್ತು. ಆದರೆ 2020ರ ಸೆಪ್ಟೆಂಬರ್ 20ರಂದು ಕೃಷಿ ಮಸೂದೆಗಳು ರಾಜ್ಯಸಭೆಯಲ್ಲಿ ಧ್ವನಿಮತದಲ್ಲೇ ಹೋದವು, ವಿಭಜನೆ ಕೊಡಿ ಎಂದು ವಿರೋಧ ಪಕ್ಷದವರು ಸದನದ ಬಾವಿಗಿಳಿದು ಕೂಗಿದರೂ. ಆದ್ದರಿಂದ ಅಲ್ಲಿಯೂ ಎಣಿಕೆ ಬೇಕಾದಾಗ ಸಿಗುತ್ತದೆ ಎಂದು ಹೇಳುವಂತಿಲ್ಲ.

ಸಂಸದರ ಹಾಜರಿ, ಕೇಳಿದ ಪ್ರಶ್ನೆಗಳು, ಚರ್ಚೆಯಲ್ಲಿ ಭಾಗವಹಿಸಿದ್ದು, ಖಾಸಗಿ ಮಸೂದೆ, ಇವನ್ನೆಲ್ಲ ಶಾಸನಸಭೆಗಳ ಕೆಲಸ ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆ ತನ್ನ ಜಾಲತಾಣದಲ್ಲಿ ಒಬ್ಬೊಬ್ಬರ ಹೆಸರಿನಲ್ಲಿ ಹಾಕುತ್ತದೆ. ಒಂದು ಎಚ್ಚರಿಕೆ. ಮಂತ್ರಿಗಳು ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ, ಪ್ರಶ್ನೆ ಕೇಳುವುದೂ ಇಲ್ಲ. ಅವರ ಹೆಸರಿನ ಮುಂದೆ ಖಾಲಿ ಇರುವುದನ್ನು ನೋಡಿ ಸೋಮಾರಿ ಎಂದು ವಾಟ್ಸ್ಆ್ಯಪ್‌ನಲ್ಲಿ ಹಂಚುವವರು ನಮ್ಮ ಮನೆಯಲ್ಲೇ ಇದ್ದಾರೆ.

ಲಾಂಚ್ ಟಿಕೆಟ್
ಶಿವಮೊಗ್ಗದ ಸಂಸದರು ಎಂದರೆ ಬೈಂದೂರಿಗೂ ಅವರೇ ಸಂಸದರು ಎಂದು ಮೊನ್ನೆ ಗೊತ್ತಾಯಿತು. ನನಗೆ ಐವತ್ತು ವರ್ಷ.

ಕರಿಕೋಟು
ಬಂದೆ. ಕಸ್ತೂರಿರಂಗನ್ ವಿಷಯ. ಈ ವರದಿಗೆ ನಮ್ಮ ಶಾಸಕರು ಹೇಗೆ ಮತ ಹಾಕಿದರು ಎಂಬ ಪ್ರಶ್ನೆಯೇ ತಪ್ಪು. ಪರಿಸರ ಸೂಕ್ಷ್ಮ ಪ್ರದೇಶ ಎಂದು ಘೋಷಿಸುವುದು 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಕೆಳಗೆ ಕೇಂದ್ರ ಸರ್ಕಾರ. ಅದಕ್ಕೆ ವಿಧಾನಸಭೆಯಲ್ಲಿ ವಿಧೇಯಕ ಬರುವುದಿಲ್ಲ. 2024ರ ಜುಲೈ 31ರಂದು ಆರನೇ ಬಾರಿ ಕರಡು ಅಧಿಸೂಚನೆ ಬಂತು, ಕರ್ನಾಟಕದ 20,668 ಚದರ ಕಿಲೋಮೀಟರ್ ಸೇರಿತ್ತು. ಆಕ್ಷೇಪಣೆಗೆ 60 ದಿನ ಕೊಟ್ಟಿದ್ದರು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪುವುದಿಲ್ಲ ಎಂದು ತೀರ್ಮಾನಿಸಿತು. ಅಲ್ಲಿ ಶಾಸಕರು ಮಾಡಬಹುದಾಗಿದ್ದ ಒಂದು ಖಚಿತ ಕೆಲಸ ಎಂದರೆ ಆ ಅರವತ್ತು ದಿನಗಳ ಒಳಗೆ ಲಿಖಿತ ಆಕ್ಷೇಪಣೆ ಕಳಿಸುವುದು. ಕಳಿಸಿದ್ದರೆ ಪ್ರತಿ ಇರುತ್ತದೆ. ವಿಡಿಯೋ ಅಲ್ಲ, ಪ್ರತಿ ಕೇಳಿ.

ಅಡಿಕೆಯ ಕನಿಷ್ಠ ಆಮದು ಬೆಲೆಯೂ ಹಾಗೆಯೇ. 2023ರ ಫೆಬ್ರುವರಿಯಲ್ಲಿ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿತು. ಏರಿಸಿದ್ದು ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ.

ಕೊಳೆ ಔಷಧಿ
ಆ ವಾರ ನಮ್ಮ ಪೇಟೆಯ ಸರ್ಕಲ್ಲಿನಲ್ಲಿ ನಾಲ್ಕು ಫ್ಲೆಕ್ಸ್ ಇದ್ದವು. ನಾಲ್ಕರಲ್ಲೂ ಬೇರೆ ಬೇರೆ ಮುಖ, ನಾಲ್ವರ ಹೋರಾಟಕ್ಕೂ ಸಂದ ಜಯ. ಒಬ್ಬರು ಜಿಲ್ಲಾ ಪಂಚಾಯಿತಿಗೆ ನಿಲ್ಲಲು ಟಿಕೆಟ್ ಕೇಳುತ್ತಿದ್ದವರು.

ಲಾಂಚ್ ಟಿಕೆಟ್
ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಆದಾಗ ನೋಡಬೇಕಿತ್ತು. ಲಿಂಗನಮಕ್ಕಿ ಹಿನ್ನೀರು ಬಂದು ಅರವತ್ತು ವರ್ಷ ಲಾಂಚಿನಲ್ಲೇ ದಾಟಿದೆವು. 2025ರ ಜುಲೈಯಲ್ಲಿ ಸೇತುವೆ ತೆರೆಯಿತು. ಅದಕ್ಕೆ ಕಾರಣಕರ್ತರ ಪಟ್ಟಿ ಮಾಡಿದರೆ ಸೇತುವೆಗಿಂತ ಉದ್ದವಾಗುತ್ತದೆ. ಲಾಂಚಿನಲ್ಲಿ ಅಷ್ಟು ವರ್ಷ ಹಗ್ಗ ಎಸೆದವರ ಫೋಟೋ ಯಾರೂ ಹಾಕಲಿಲ್ಲ.

ಎರಡನೇ ಬೆಂಚು
ಸಿಗಂದೂರಿಗೆ ಈಗ ಲಾಂಚ್ ಇಲ್ಲದೆ ಹೋಗುವುದು ಸಪ್ಪೆ ಎನ್ನಿಸುತ್ತದೆ ನನಗೆ. ನೀರಿನ ಮೇಲೆ ಬಸ್ಸು ನಿಂತಿರುವುದೇ ಮಜಾ ಇತ್ತು.

ಲಾಂಚ್ ಟಿಕೆಟ್
ಪ್ರವಾಸಕ್ಕೆ ಬರುವವರಿಗೆ ಮಜಾ. ಹೆರಿಗೆ ನೋವಿನವಳನ್ನು ಕೂರಿಸಿಕೊಂಡು ಕೊನೆಯ ಲಾಂಚ್ ತಪ್ಪಿಸಿಕೊಂಡವರನ್ನು ಕೇಳು.

ನಿರ್ವಾಹಕ
ಸೇತುವೆಗೆ ಬೇರೆ ಚರ್ಚೆ ಇದೆ, 400 ಉತ್ತರ ದಾಟಿದೆ, ಅಲ್ಲಿಗೆ ಹೋಗಿ.

ಬೆಂಗಳೂರು ಬಸ್ಸು
ಚರ್ಚೆಯೇ ಇಲ್ಲದೆ ಹೌದು ಎಂದು ಮುಗಿಸುವ ದಿನವೂ ಇರುತ್ತದೆ. 2025ರ ಮಾರ್ಚ್ 21. ಒಂದು ಕಡೆ ಗದ್ದಲ, ಕಾಗದ ಹರಿದು ಎಸೆದಾಟ, 18 ಬಿಜೆಪಿ ಶಾಸಕರ ಅಮಾನತು. ಅದೇ ದಿನ, ಅದೇ ಗದ್ದಲದಲ್ಲಿ, ಶಾಸಕರ ಸಂಬಳ ಏರಿಕೆಯ ವಿಧೇಯಕ ಚರ್ಚೆಯಿಲ್ಲದೆ ಅಂಗೀಕಾರ. 40,000 ಇದ್ದ ಮೂಲ ವೇತನ 80,000 ಆಯಿತು. ನಿಮ್ಮ ಶಾಸಕರ ಪುಟದಲ್ಲಿ ಅದರ ವಿಡಿಯೋ ಇದೆಯೇ ನೋಡಿ, ಚಂಡೆ ಸಮೇತ.

ಕಾರ್ಯಕರ್ತ
ಸಂಬಳ ಹೆಚ್ಚಾಗಲಿ ಬಿಡಿ. ದಿನಕ್ಕೆ ಎಷ್ಟು ಮದುವೆ, ಎಷ್ಟು ತಿಥಿ, ಎಷ್ಟು ಗೃಹಪ್ರವೇಶ ಎಂದು ನಿಮಗೆ ಗೊತ್ತೇ? ಹೋಗದಿದ್ದರೆ ನೀವೇ ಬೈಯುತ್ತೀರಿ. ಡೀಸೆಲ್ ಯಾರು ಹಾಕಿಸುತ್ತಾರೆ?

ಹಲಸಿನ ಹಪ್ಪಳ
ಇದು ನಿಜ, ಒಪ್ಪುತ್ತೇನೆ. ನಮ್ಮ ಊರಿನ ಒಂದು ಮದುವೆಗೆ ಶಾಸಕರು ಬರಲಿಲ್ಲ ಎಂದು ಇಡೀ ಕೇರಿ ಮುಂದಿನ ಚುನಾವಣೆಯಲ್ಲಿ ಮುನಿಸಿಕೊಂಡಿತ್ತು. ಸದನಕ್ಕೆ ಹೋಗಲಿಲ್ಲ ಎಂದು ಮುನಿಸಿಕೊಂಡ ಕೇರಿಯನ್ನು ನಾನು ಕಂಡಿಲ್ಲ.

ಎರಡನೇ ಬೆಂಚು
ಸದನದಲ್ಲಿ ಊಟವಾದ ಮೇಲೆ ಒರಗಿಕೊಳ್ಳಲು ಕುರ್ಚಿ ಹಾಕಿಸುವ ಸುದ್ದಿ ಬಂದಿತ್ತಲ್ಲ, ಅದಾದರೂ ಹಾಜರಿ ಹೆಚ್ಚಿಸಲಿಕ್ಕೇ.

ಕರಿಕೋಟು
ಇನ್ನೊಂದು ಗಂಟು ಬಿಚ್ಚುತ್ತೇನೆ. ಪಟ್ಟಿ ಇದ್ದಿದ್ದರೂ ನಿಮಗೆ ಹೆಚ್ಚು ತಿಳಿಯುತ್ತಿರಲಿಲ್ಲ. 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿದ ಮೇಲೆ ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಆದೇಶ, ಮೀರಿ ಮತ ಹಾಕಿದರೆ, ಹಾಕದೆ ಉಳಿದರೂ, ಸದಸ್ಯತ್ವಕ್ಕೇ ಕುತ್ತು. ಪಕ್ಷ ಹದಿನೈದು ದಿನದೊಳಗೆ ಮನ್ನಿಸಿದರೆ ಬೇರೆ ಮಾತು. ಆದ್ದರಿಂದ ವಿಪ್ ಇರುವ ಮತದಲ್ಲಿ ನೀವು ಓದುವುದು ಪಕ್ಷದ ಮನಸ್ಸನ್ನು. ಪಕ್ಷಾಂತರ ತಡೆಯಲು ತಂದ ಮದ್ದು ಭಿನ್ನಮತಕ್ಕೂ ತಗಲಿತು.

ರಾಜ್ಯಸಭಾ ಚುನಾವಣೆ ಇದಕ್ಕೆ ಹೊರತು. ಅಲ್ಲಿ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿ ಹಾಕಬೇಕು, ಆದರೆ ಬೇರೆಯವರಿಗೆ ಹಾಕಿದರೆ ಹತ್ತನೇ ಅನುಸೂಚಿ ತಾಗುವುದಿಲ್ಲ. 2024ರ ಫೆಬ್ರುವರಿಯಲ್ಲಿ ಪಕ್ಕದ ಉತ್ತರ ಕನ್ನಡದ ಯಲ್ಲಾಪುರದ ಶಾಸಕರು ಮತಗಟ್ಟೆಗೇ ಹೋಗಲಿಲ್ಲ. ಪಕ್ಷ ಉಚ್ಚಾಟಿಸಿತು, ಶಾಸಕ ಸ್ಥಾನ ಉಳಿಯಿತು.

ನಿವೃತ್ತ ಮೇಷ್ಟರು
2020ರ ಭೂಸುಧಾರಣಾ ತಿದ್ದುಪಡಿಯನ್ನು ಯಾರೂ ಕೇಳುತ್ತಿಲ್ಲವಲ್ಲ? 79ಎ, 79ಬಿ ತೆಗೆದರು. ಕೃಷಿಕನಲ್ಲದವನೂ ಜಮೀನು ಕೊಳ್ಳಬಹುದು ಎಂದಾಯಿತು. ಕಾಗೋಡಿನ ಜಿಲ್ಲೆ ಇದು. ವಿಧಾನಸಭೆಯಲ್ಲಿ ಸುಲಭವಾಗಿ ಹೋಯಿತು, ಪರಿಷತ್ತಿನಲ್ಲಿ ಡಿಸೆಂಬರ್‌ನಲ್ಲಿ ಜೆಡಿಎಸ್ ಕೈಹಿಡಿದ ಮೇಲೆ ದಾಟಿತು. ನಮ್ಮ ಜಿಲ್ಲೆಯಿಂದ ಹೋದವರು ಅಂದು ಏನು ಮಾತನಾಡಿದರು ಎಂಬುದು ನಡವಳಿಯಲ್ಲಿ ಇದ್ದೇ ಇರುತ್ತದೆ. ಮತಕ್ಕೆ ಹೆಸರಿಲ್ಲದಿದ್ದರೂ ಭಾಷಣಕ್ಕೆ ಹೆಸರಿದೆ.

ಕೊಳೆ ಔಷಧಿ
ಮೇಷ್ಟರೇ, ನನ್ನ ಪಕ್ಕದ ತೋಟವನ್ನು ಒಬ್ಬರು ಕೊಂಡಿದ್ದಾರೆ. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯಲು ಮರ ಹತ್ತುವ ಕೊನೆಗಾರನಿಗೆ ಎಷ್ಟು ಕೊಡಬೇಕು ಎಂದು ಅವರಿಗೆ ಗೊತ್ತಿಲ್ಲ, ಕೇಳಿದ್ದು ಕೊಟ್ಟರು. ಈಗ ನನ್ನ ಕೊನೆಗಾರನೂ ಅದೇ ಕೇಳುತ್ತಿದ್ದಾನೆ. ನನಗೆ ತಿದ್ದುಪಡಿಯ ಬಿಸಿ ತಟ್ಟಿದ್ದು ಹೀಗೆ.

ಲಾಂಚ್ ಟಿಕೆಟ್
ಈ ಸಲ ಎರಡನೇ ಔಷಧಿ ಆಯಿತೇ? ನಮ್ಮಲ್ಲಿ ಮಳೆ ಬಿಡುತ್ತಲೇ ಇಲ್ಲ. ಮೈಲುತುತ್ತ ತಂದು ಇಟ್ಟು ಹದಿನೈದು ದಿನ ಆಯಿತು.

ಕೊಳೆ ಔಷಧಿ
ಒಂದೇ ಆದದ್ದು. ಉದುರಲು ಶುರುವಾಗಿದೆ. ಎಲೆಚುಕ್ಕೆ ಬೇರೆ.

ಹಲಸಿನ ಹಪ್ಪಳ
ನಾನು ಗ್ರಾಮ ಪಂಚಾಯಿತಿಯಲ್ಲಿ ಐದು ವರ್ಷ ಸದಸ್ಯೆಯಾಗಿದ್ದವಳು. ಮೊದಲಿನಿಂದ ಓದಿದೆ. ಎಲ್ಲರೂ ಬೆಂಗಳೂರಿನ ಸದನವನ್ನೇ ಹಿಡಿದುಕೊಂಡಿದ್ದೀರಿ. ಕಟ್ಟೆಪುರಾಣ ಅವರ ಅಪ್ಪನ ಅರ್ಜಿ ಇರುವುದು ವಿಧಾನಸೌಧದಲ್ಲಿ ಅಲ್ಲ, ತಾಲ್ಲೂಕು ಕಚೇರಿಯಲ್ಲಿ. ಭೂಕಂದಾಯ ಕಾಯ್ದೆಯ 94ಎ ಪ್ರಕಾರ ಬಗರ್‌ಹುಕುಂ ಸಕ್ರಮ ಸಮಿತಿ ಇರುತ್ತದೆ. ಅದಕ್ಕೆ ಅಧ್ಯಕ್ಷರು ಯಾರು? ಶಾಸಕರೇ. ತಹಶೀಲ್ದಾರರು ಕಾರ್ಯದರ್ಶಿ. ತೋಟದಲ್ಲಿ ನಿಂತು ಸರ್ಕಾರವನ್ನು ಎಚ್ಚರಿಸುವವರು ಆ ಕುರ್ಚಿಯಲ್ಲಿ ಕುಳಿತರೆ ಅವರೇ ಸರ್ಕಾರ.

ನನ್ನ ಮೈದುನ ಒಂದು ಅವಧಿಗೆ ಸಮಿತಿಯ ಸದಸ್ಯನಾಗಿದ್ದ. ಸಭೆ ಎಂದರೆ ಹೀಗೆ: ಕೆಂಪು ಟೇಪು ಕಟ್ಟಿದ ಕಡತಗಳನ್ನು ಗ್ರಾಮ ಆಡಳಿತಾಧಿಕಾರಿಗಳು ಹೋಬಳಿವಾರು ಜೋಡಿಸಿಟ್ಟಿರುತ್ತಾರೆ. ಹೆಸರು ಓದುತ್ತಾರೆ, ಸರ್ವೆ ನಂಬರ್ ಓದುತ್ತಾರೆ, ಸ್ಕೆಚ್ ಇದೆಯೇ ನೋಡುತ್ತಾರೆ. ಅದು ಕಂದಾಯ ಭೂಮಿಯೋ, ಕಾನುವೋ, ಸೊಪ್ಪಿನಬೆಟ್ಟವೋ, ಡೀಮ್ಡ್ ಅರಣ್ಯವೋ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಮಧ್ಯಾಹ್ನ ಎರಡಕ್ಕೆ ಚಹಾ, ಖಾರಾ ಬೂಂದಿ. ನಾಲ್ಕಕ್ಕೆ ಶಾಸಕರಿಗೆ ಯಾವುದೋ ಗುದ್ದಲಿ ಪೂಜೆ. ಉಳಿದ ಕಡತ ಮತ್ತೆ ಬೀರುವಿಗೆ. ಕೊನೆಯಲ್ಲಿ ಒಂದು ನಡವಳಿ ಬರೆದು ಎಲ್ಲರೂ ಸಹಿ ಹಾಕುತ್ತಾರೆ.

ಆ ನಡವಳಿ ಕೇಳಿ. ಅಲ್ಲಿ ಧ್ವನಿಮತ ಇಲ್ಲ, ಸಹಿ ಇದೆ.

ಕರಿಕೋಟು
ಅಕ್ಕಾ, ಇಷ್ಟು ಹೊತ್ತು ನಾನು ವಕಾಲತ್ತು ಮಾಡಿದ್ದು ದಂಡ. ಇದೇ ಸರಿಯಾದ ದಾರಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 10 ರೂಪಾಯಿ ಪೋಸ್ಟಲ್ ಆರ್ಡರ್ ಇಡಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ನಿಮ್ಮ ಮೊದಲ ಬರಹದಷ್ಟು ಉದ್ದ ಬರೆದರೆ ವಾಪಸು ಬರುತ್ತದೆ.

ಕಾರ್ಯಕರ್ತ
ಹಾಕಿ ನೋಡಿ. ನಮ್ಮವರು ಸಭೆ ತಪ್ಪಿಸಿದವರಲ್ಲ.

ಕಟ್ಟೆಪುರಾಣ
ಎಲ್ಲರಿಗೂ ವಂದನೆ. ಅರ್ಜಿಯನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಈ ನಡುವೆ ವಿಧಾನಸಭೆಯ ಜಾಲತಾಣದಲ್ಲಿ ಪ್ರಶ್ನೋತ್ತರಗಳ ಕಡತ ಸಿಕ್ಕಿತು. ಎಲ್ಲವೂ ಸ್ಕ್ಯಾನ್ ಮಾಡಿದ ಪುಟಗಳು, ಹೆಸರು ಹಾಕಿ ಹುಡುಕಲು ಬರುವುದಿಲ್ಲ. ಒಂದೊಂದೇ ತೆರೆಯಬೇಕು. ಮೂರು ರಾತ್ರಿ ಕಿಟಕಿಯ ದಂಡೆಯೇ ಗತಿ.

ನಮ್ಮ ಶಾಸಕರು ಕೇಳಿದ್ದಾರೆ, ಸುಳ್ಳು ಹೇಳಬಾರದು. ಹಾಸ್ಟೆಲ್ ಕಟ್ಟಡ, ಕಾಲುಸಂಕ, ಪಶುವೈದ್ಯರ ಖಾಲಿ ಹುದ್ದೆ. ಬಗರ್‌ಹುಕುಂ ಬಗ್ಗೆ ಚುಕ್ಕೆ ಗುರುತಿಲ್ಲದ ಪ್ರಶ್ನೆ ಒಂದು. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ.

(ಅ) ಅರ್ಜಿಗಳ ವಿಲೇವಾರಿ ವಿಳಂಬವಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದೆ.
(ಆ) ಬಂದಿದ್ದಲ್ಲಿ ಕೈಗೊಂಡ ಕ್ರಮವೇನು? ನಿಯಮಾನುಸಾರ ಕ್ರಮ ವಹಿಸಲಾಗುತ್ತಿದೆ.
(ಇ) ಕ್ರಮ ಕೈಗೊಂಡಿಲ್ಲದಿದ್ದಲ್ಲಿ ಕಾರಣವೇನು? ಉದ್ಭವಿಸುವುದಿಲ್ಲ.

ಅಪ್ಪನಿಗೆ ಓದಿ ಹೇಳಿದೆ. ಉದ್ಭವಿಸುವುದಿಲ್ಲ ಎಂದರೆ ಏನು ಎಂದು ಕೇಳಿದರು.

ಇಂಬಳ
ಉದ್ಭವಿಸುವುದು ಲಿಂಗ ಮಾತ್ರ ಎಂದು ಹೇಳಬೇಕಿತ್ತು.

ಬೆಂಗಳೂರು ಬಸ್ಸು
ಚುಕ್ಕೆ ಗುರುತಿಲ್ಲದ್ದು ಎಂದರೆ ಲಿಖಿತ ಉತ್ತರ ಅಷ್ಟೇ. ಚುಕ್ಕೆ ಗುರುತಿನದಾಗಿದ್ದರೆ ಮಂತ್ರಿ ಎದ್ದು ನಿಂತು ಹೇಳಬೇಕು, ಇವರು ಮರುಪ್ರಶ್ನೆ ಹಾಕಬಹುದು. ನಿಯಮ 73ರ ಗಮನ ಸೆಳೆಯುವ ಸೂಚನೆ ಕೊಡಬಹುದಿತ್ತು. ತೋಟದಲ್ಲಿ ಅಷ್ಟು ಜೋರು ಧ್ವನಿ ಇರುವವರು ಸದನದಲ್ಲಿ ಬರವಣಿಗೆಯನ್ನು ಆರಿಸಿಕೊಂಡಿದ್ದು ಯಾಕೋ.

ಕಾರ್ಯಕರ್ತ
ಚುಕ್ಕೆ ಪ್ರಶ್ನೆಗೆ ಚೀಟಿ ಎತ್ತುತ್ತಾರೆ. ಎಲ್ಲರಿಗೂ ಬರುವುದಿಲ್ಲ. ಅದನ್ನೂ ಬರೆಯಿರಿ.

ಬೆಂಗಳೂರು ಬಸ್ಸು
ಸರಿ, ಆ ಮಾತು ಹಿಂದಕ್ಕೆ ತೆಗೆದುಕೊಂಡೆ. 73ರದ್ದು ಹಾಗೇ ಇರಲಿ.

ಕಟ್ಟೆಪುರಾಣ
ಇಪ್ಪತ್ತೊಂಬತ್ತನೇ ದಿನ ಉತ್ತರ ಬಂತು. ಪುಟಕ್ಕೆ 2 ರೂಪಾಯಿಯಂತೆ 14 ಪುಟಕ್ಕೆ 28 ರೂಪಾಯಿ ಕಟ್ಟಿ ನಿನ್ನೆ ತಂದೆ. ಅಪ್ಪ ಬಸ್‌ಸ್ಟ್ಯಾಂಡಿನಲ್ಲೇ ಓದಬೇಕೆಂದು ಹಟ ಹಿಡಿದರು. ಹೋಟೆಲಿನ ಮೇಜಿನ ಮೇಲೆ ಹರಡಿಕೊಂಡು ಓದಿದೆವು.

ಕಾರ್ಯಕರ್ತರು ಹೇಳಿದ್ದು ಅರ್ಧ ನಿಜ. ಮೂರು ಸಭೆಗಳಲ್ಲಿ ಎರಡಕ್ಕೆ ಶಾಸಕರು ಬಂದಿದ್ದಾರೆ. ಒಂದರಲ್ಲಿ ಭೂಮಾಪಕರ ಕೊರತೆ ಇದೆ, ಹೆಚ್ಚುವರಿ ಭೂಮಾಪಕರನ್ನು ಕೊಡಿಸಬೇಕು ಎಂದು ಅವರು ಸೂಚಿಸಿದ್ದು ದಾಖಲಾಗಿದೆ. ಒಳ್ಳೆಯ ಮಾತು, ಫೇಸ್‌ಬುಕ್‌ನಲ್ಲಿ ಇದನ್ನು ಹಾಕಿಯೇ ಇಲ್ಲ. ಮೂರನೆಯದು ಕೋರಂ ಇಲ್ಲದೆ ಮುಂದೂಡಿದ್ದು. ಆ ತಾರೀಕಿಗೆ ಅವರ ಪುಟದಲ್ಲಿ ಕ್ರಿಕೆಟ್ ಪಂದ್ಯಾವಳಿಯ ಉದ್ಘಾಟನೆ ಇದೆ, ಬ್ಯಾಟ್ ಹಿಡಿದಿದ್ದಾರೆ.

ಒಂಬತ್ತನೇ ಪುಟದಲ್ಲಿ ಅಪ್ಪನ ಹೆಸರು ಸಿಕ್ಕಿತು. ಹೆಸರಿನಲ್ಲಿ ಒತ್ತಕ್ಷರ ತಪ್ಪಾಗಿದೆ. ಎದುರಿಗೆ, "ಸದರಿ ಸರ್ವೆ ನಂಬರ್ ಅರಣ್ಯ ಎಂದು ವರದಿಯಾಗಿರುವುದರಿಂದ ಕಾಯ್ದಿರಿಸಿದೆ." ಅವರ ಹಿಂದೆ ಮುಂದೆ ಹನ್ನೊಂದು ಹೆಸರುಗಳಿಗೂ ಅದೇ ಸಾಲು. ಕೆಳಗೆ ಶಾಸಕರ ಸಹಿ. ತಾರೀಕು ನೋಡಿದೆ. ಒಂದು ಗುಂಟೆಯನ್ನೂ ಬಿಡುವುದಿಲ್ಲ ಎಂದ ವಿಡಿಯೋಗಿಂತ ಐದು ತಿಂಗಳು ಹಿಂದಿನದು.

ಅಪ್ಪ ಏನೂ ಹೇಳಲಿಲ್ಲ. ತಮ್ಮ ಹೆಸರಿನ ಒತ್ತಕ್ಷರವನ್ನು ಪೆನ್ನಿನಲ್ಲಿ ಸರಿ ಮಾಡಿದರು. ಇದು ಜೆರಾಕ್ಸ್ ಅಪ್ಪಾ ಎಂದೆ. ಇರಲಿ ಎಂದರು.

ಕಾರ್ಯಕರ್ತ
ಅರಣ್ಯ ಎಂದು ವರದಿ ಬಂದರೆ ಸಮಿತಿ ಏನು ಮಾಡಲು ಆಗುತ್ತದೆ? ಮಂಜೂರು ಮಾಡಿದರೆ ನಾಳೆ ಕೇಸು. ನಿಮ್ಮ ತಂದೆಯವರ ಕಡತದ ನಂಬರ್ ನನಗೆ ಕಳಿಸಿ, ನೇರವಾಗಿ ಮಾತನಾಡುತ್ತೇನೆ.

ಕಟ್ಟೆಪುರಾಣ
ಮಾಡಲು ಆಗುವುದಿಲ್ಲ ಎಂಬುದು ನನಗೂ ಅರ್ಥವಾಗುತ್ತದೆ ಅಣ್ಣಾ. ವಿಡಿಯೋದಲ್ಲಿ ಅದನ್ನೇ ಹೇಳಬಹುದಿತ್ತು. ಉಳಿದ ಹನ್ನೊಂದು ನಂಬರನ್ನೂ ಕಳಿಸಲೇ?

ಕರಿಕೋಟು
ಕಂದಾಯ ಮತ್ತು ಅರಣ್ಯ ಇಲಾಖೆಗಳ ಜಂಟಿ ಸರ್ವೆಗೆ ಹನ್ನೆರಡು ಜನರೂ ಒಟ್ಟಿಗೆ ಅರ್ಜಿ ಕೊಡಿ. ಈ ನಡವಳಿಯ ಪ್ರತಿ ಲಗತ್ತಿಸಿ. ಅರಣ್ಯ ಎಂದು ವರದಿ ಮಾಡಿದ್ದು ಯಾವ ಅಧಿಸೂಚನೆಯ ಆಧಾರದ ಮೇಲೆ ಎಂದು ಇನ್ನೊಂದು 10 ರೂಪಾಯಿ ಖರ್ಚು ಮಾಡಿ ಕೇಳಿ. ಬೇಗ ಆಗುವ ಕೆಲಸವಲ್ಲ, ಮೊದಲೇ ಹೇಳುತ್ತೇನೆ.

ಕೊಳೆ ಔಷಧಿ
ಹನ್ನೆರಡು ಜನ ಒಂದೇ ಜೀಪಿನಲ್ಲಿ ಹೋಗಿ ಕೊಡಿ. ಫೋಟೋ ತೆಗೆದು ಶಾಸಕರ ಪುಟಕ್ಕೆ ಟ್ಯಾಗ್ ಮಾಡಿ.

ಕಟ್ಟೆಪುರಾಣ
ಜಂಟಿ ಸರ್ವೆ ಅರ್ಜಿಯ ಮಾದರಿ ಯಾರ ಹತ್ತಿರವಾದರೂ ಇದೆಯೇ?

ಹಲಸಿನ ಹಪ್ಪಳ
ಮೈದುನನ ಕಡತದಲ್ಲಿ ಒಂದಿದೆ. ನಿನ್ನೆ ಸಂಜೆಯಿಂದ ಕರೆಂಟಿಲ್ಲ, ಮೊಬೈಲ್ ನಾಲ್ಕು ಪರ್ಸೆಂಟ್. ಬಂದ ಮೇಲೆ ಫೋಟೋ ಹಾಕುತ್ತೇನೆ.